ಕೆನಡಾದ ಸಣ್ಣ ಊರಿನ ಯುದ್ಧಸ್ಮಾರಕದ ಹೆಸರುಗಳ ಜಾಡು ಹಿಡಿಯುವ ಬಗೆ

ಕೆನಡಾದ ಚಿಕ್ಕ ಊರುಗಳಲ್ಲಿಯೂ ಬಹುಮಟ್ಟಿಗೆ ಒಂದು ಯುದ್ಧಸ್ಮಾರಕ ಇದ್ದೇ ಇರುತ್ತದೆ. ಒಂಟಾರಿಯೋದ ಆಲ್ಮಾಂಟ್‌ನಲ್ಲಿ, ಆ ಊರಿನ ಬಳಿಯೇ ಹುಟ್ಟಿದ ಶಿಲ್ಪಿ ರಾಬರ್ಟ್ ಟೇಟ್ ಮೆಕೆಂಜಿ ರೂಪಿಸಿದ, 1923ರಲ್ಲಿ ಅನಾವರಣಗೊಂಡ ಕಂಚಿನ ಯೋಧನ ಪ್ರತಿಮೆಯಿದೆ. ಹೆಚ್ಚಿನ ಊರುಗಳಲ್ಲಿ ಇರುವುದು ಕಲ್ಲಿನ ಮೇಲೆ ಸಾಲಾಗಿ ಕೆತ್ತಿದ ಹೆಸರುಗಳು ಮಾತ್ರ. ಆ ಹೆಸರುಗಳ ಹಿಂದಿನ ಮನುಷ್ಯರನ್ನು ಗುರುತಿಸಿದಾಗಲೇ ಊರಿನ ಸೈನಿಕ ಪರಂಪರೆ ಅರ್ಥವಾಗುತ್ತದೆ.

ಮೊದಲು ಸ್ಮಾರಕದ ಎಲ್ಲ ಮುಖಗಳ ಚಿತ್ರ ತೆಗೆದು, ಹೆಸರುಗಳನ್ನು ಕೆತ್ತಿರುವಂತೆಯೇ, ಕಾಗುಣಿತದ ತಪ್ಪುಗಳನ್ನೂ ತಿದ್ದದೆ ಬರೆದುಕೊಳ್ಳಿ. ಬಳಿಕ ವೆಟರನ್ಸ್ ಅಫೇರ್ಸ್ ಕೆನಡಾ ಇಲಾಖೆಯ 'ಕೆನೇಡಿಯನ್ ವರ್ಚುವಲ್ ವಾರ್ ಮೆಮೋರಿಯಲ್' ಜಾಲತಾಣದಲ್ಲಿ ಒಂದೊಂದನ್ನೂ ಹುಡುಕಿ. ಮಡಿದವರ 1,18,000ಕ್ಕೂ ಹೆಚ್ಚು ಹೆಸರುಗಳು ಅಲ್ಲಿವೆ.

ಮೊದಲ ಮಹಾಯುದ್ಧದವರ ವಿಷಯದಲ್ಲಿ ನಿಜವಾದ ಗಣಿಯೆಂದರೆ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ ಸಂಸ್ಥೆಯ ಸೇವಾ ಕಡತಗಳು. 6,20,000ಕ್ಕೂ ಹೆಚ್ಚಿನ ಈ ಕಡತಗಳ ಡಿಜಿಟಲೀಕರಣ 2018ರಲ್ಲಿ ಮುಗಿದಿದ್ದು, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಒಂದೇ ಹೆಸರಿನ ಹಲವರು ಸಿಕ್ಕಾಗ ಸೇರ್ಪಡೆ ಪತ್ರದಲ್ಲಿರುವ ಹತ್ತಿರದ ಬಂಧುವಿನ ವಿಳಾಸವನ್ನು ನೋಡಬೇಕು. ಆದರೆ ಆಗಿನ ಕೆನಡಾ ಸೇನೆಯ ಬಹಳಷ್ಟು ಮಂದಿ ಬ್ರಿಟನ್ನಿನಲ್ಲಿ ಹುಟ್ಟಿದವರಾದ್ದರಿಂದ, ವಿಳಾಸ ಸ್ಕಾಟ್ಲೆಂಡಿನದಾಗಿದೆ ಎಂಬ ಒಂದೇ ಕಾರಣಕ್ಕೆ ಇವನು ನಮ್ಮ ಊರಿನವನಲ್ಲವೆಂದು ಕೈಬಿಡಬಾರದು. ವಯಸ್ಸನ್ನೂ ಪೂರ್ತಿ ನಂಬಬೇಡಿ; ಸೇನೆ ಸೇರುವ ಆತುರದಲ್ಲಿ ಸುಳ್ಳು ಹೇಳಿದ ಹುಡುಗರು ಬಹಳ ಮಂದಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸೇನಾ ಸಂಖ್ಯೆಗಳನ್ನು ಬೆಟಾಲಿಯನ್ನುಗಳಿಗೆ ಗುಂಪುಗುಂಪಾಗಿ ಹಂಚಿದ್ದರಿಂದ, ಸೈನಿಕ ಯಾವ ಬೆಟಾಲಿಯನ್ನಿನಲ್ಲಿ ಸೇರಿದನೆಂಬುದು ಆ ಸಂಖ್ಯೆಯಿಂದ ಸಾಮಾನ್ಯವಾಗಿ ತಿಳಿಯುತ್ತದೆ. ಆದರೆ ಸೇರಿದ ಬೆಟಾಲಿಯನ್ನೇ ಹೋರಾಡಿದ ಬೆಟಾಲಿಯನ್ ಎಂದುಕೊಂಡರೆ ಇಡೀ ಕಥೆ ದಾರಿ ತಪ್ಪುತ್ತದೆ, ಏಕೆಂದರೆ ಊರುಗಳಲ್ಲಿ ಕಟ್ಟಿದ ಅನೇಕ ಬೆಟಾಲಿಯನ್ನುಗಳನ್ನು ಇಂಗ್ಲೆಂಡಿನಲ್ಲಿಯೇ ಒಡೆದು, ರಣರಂಗದಲ್ಲಿದ್ದ ಬೇರೆ ಪಡೆಗಳಿಗೆ ಅವುಗಳ ಸೈನಿಕರನ್ನು ಕಳಿಸಲಾಯಿತು. ಕಡತದೊಳಗಿನ 'ಕ್ಯಾಶುವಾಲ್ಟಿ ಫಾರ್ಮ್' ಹಾಳೆಯಲ್ಲಿ ಈ ವರ್ಗಾವಣೆಗಳು ತಾರೀಖಿನೊಂದಿಗೆ ದಾಖಲಾಗಿರುತ್ತವೆ. ಅಲ್ಲಿಂದ ಕೊನೆಯ ಪಡೆಯ ಹೆಸರು ಹಿಡಿದು, ಅದರ ಯುದ್ಧ ದಿನಚರಿಯಲ್ಲಿ (ಪಡೆ ದಿನದಿನವೂ ಬರೆದಿಡುತ್ತಿದ್ದ ಅಧಿಕೃತ ದಾಖಲೆಯಲ್ಲಿ) ಆತ ಮಡಿದ ದಿನದ ಪುಟವನ್ನು ಓದಿದರೆ, ಅಂದು ಪಡೆ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ. ತಾಳ್ಮೆ ಬೇಡುವ ಕೆಲಸ ಇದು, ಆದರೆ ಇದನ್ನು ಬಿಟ್ಟು ಬರೆದ ಊರಿನ ಇತಿಹಾಸಕ್ಕೆ ಆಧಾರವಿರುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮಡಿದವರ ಕಡತಗಳು ಮುಕ್ತವಾಗಿವೆ. ಬದುಕಿ ಮರಳಿದವರದಕ್ಕೆ ನಿರ್ಬಂಧಗಳಿವೆ. ನ್ಯೂಫೌಂಡ್‌ಲ್ಯಾಂಡ್ ಕೆನಡಾವನ್ನು ಸೇರಿದ್ದು 1949ರಲ್ಲಿ, ಆದ್ದರಿಂದ ಅಲ್ಲಿನ ರೆಜಿಮೆಂಟಿನ ದಾಖಲೆಗಳಿಗಾಗಿ ಅಲ್ಲಿನ ಸೇಂಟ್ ಜಾನ್ಸ್ ನಗರದ 'ದ ರೂಮ್ಸ್' ಎಂಬ ದಾಖಲೆ ಮತ್ತು ವಸ್ತುಸಂಗ್ರಹಾಲಯವನ್ನು ನೋಡಬೇಕು.

ಕಲ್ಲಿನ ಮೇಲೆ ಇಲ್ಲದವರನ್ನೂ ಮರೆಯಬಾರದು. ನೋವಾ ಸ್ಕೋಶಿಯಾದ ಪಿಕ್ಟೌ ಎಂಬ ಸಣ್ಣ ಊರಿನಲ್ಲಿ 1916ರ ಜುಲೈಯಲ್ಲಿ ರೂಪುಗೊಂಡ ನಂ. 2 ಕನ್‌ಸ್ಟ್ರಕ್ಷನ್ ಬೆಟಾಲಿಯನ್ ಕಪ್ಪು ಜನರ ಪಡೆಯಾಗಿತ್ತು. ಜನಾಂಗಭೇದದಿಂದಾಗಿ ಬೇರೆ ಪಡೆಗಳು ತಿರಸ್ಕರಿಸಿದವರು ಅದರಲ್ಲಿದ್ದರು. ಇಂಥವರಿಗಾಗಿ, ನರ್ಸಿಂಗ್ ಸಿಸ್ಟರ್‌ಗಳಿಗಾಗಿ (ಸೇನೆಯ ದಾದಿಯರಿಗಾಗಿ), ಚರ್ಚುಗಳ ಗೌರವ ಫಲಕಗಳನ್ನೂ ಆ ಕಾಲದ ಸ್ಥಳೀಯ ಪತ್ರಿಕೆಗಳನ್ನೂ ನೋಡಿ, ಮಾಜಿ ಸೈನಿಕರ ಸಂಘವಾದ ರಾಯಲ್ ಕೆನೇಡಿಯನ್ ಲೀಜನ್‌ನ ಶಾಖೆಯನ್ನೂ ಸಂಪರ್ಕಿಸಿ.

ಸ್ಮಾರಕದಲ್ಲಿರುವ ಹೆಸರು, ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಸಿಗದಿದ್ದರೆ, ಸಾವಿನ ದಿನಾಂಕವನ್ನು ಪರಿಶೀಲಿಸಿ. ಆ ಪಟ್ಟಿ ಮೊದಲ ಯುದ್ಧಕ್ಕೆ ಸಂಬಂಧಿಸಿದಂತೆ 1921ರ ಆಗಸ್ಟ್ 31ಕ್ಕೆ ನಿಲ್ಲುತ್ತದೆ. ಗಾಯದಿಂದಲೋ ವಿಷಾನಿಲದ ಪರಿಣಾಮದಿಂದಲೋ ಆಮೇಲೆ ತೀರಿಕೊಂಡವನನ್ನು ಊರು ತನ್ನವನೆಂದು ಕೆತ್ತಿರಬಹುದು, ಅವನ ವಿವರ ಪ್ರಾಂತ್ಯದ ಮರಣ ನೋಂದಣಿಯಲ್ಲಿ ಸಿಗುತ್ತದೆ.