ಕೈಲೇತಿನಿಂದ ಸಿಎನ್‌ಸಿಗೆ ಹೋಗುವವರು ಏನು ಕಲಿಯಬೇಕು

ತುಮಕೂರಿನ ಬಳಿಯ ವಸಂತನರಸಾಪುರದ ಕಾರ್ಖಾನೆಗಳಿಗೆ ಐಟಿಐನಲ್ಲಿ ಟರ್ನರ್ (ಲೇತ್ ಕೆಲಸದ) ಟ್ರೇಡ್ ಮುಗಿಸಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳೋದು, ‘ಸರ್, ಯಾವ ಬಟನ್ ಒತ್ತಬೇಕು?’ ಅಂತ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುವ ಮಷೀನು; ಅದರಲ್ಲಿ ಬಟನ್ ಒತ್ತೋದು ಬೇಗ ಬರುತ್ತೆ. ಆದರೆ ಸೆಟ್ಟರ್ (ಮಷೀನನ್ನು ಕೆಲಸಕ್ಕೆ ಸಜ್ಜು ಮಾಡುವವರು) ಆಗಿ ಸಂಬಳ ಏರಬೇಕಂದ್ರೆ ಮಷೀನಿಗೆ ಕೆಲಸ ಹೇಳಿಕೊಡೋರು ನೀವಾಗಬೇಕು.

ಮೊದಲು ಡ್ರಾಯಿಂಗ್ ಓದೋದು, ಮೈಕ್ರೋಮೀಟರ್ ಹಿಡಿಯೋದು ಗಟ್ಟಿಯಾಗಲಿ. ಆಮೇಲೆ ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿಂದ ಬರೆಯಿರಿ. ಜಿ00 ಅಂದರೆ ಕತ್ತರಿಸದೆ ಟೂಲನ್ನು ವೇಗವಾಗಿ ಸರಿಸು, ಜಿ01 ಅಂದರೆ ಕೊಟ್ಟ ಫೀಡಿನಲ್ಲಿ (ಟೂಲ್ ಮುಂದೆ ಸಾಗುವ ವೇಗ) ನೇರವಾಗಿ ಕತ್ತರಿಸು. ಎಂ03 ಜಾಬನ್ನು ಸುತ್ತಿಸುವ ಸ್ಪಿಂಡಲ್ ತಿರುಗಿಸುತ್ತೆ, ಎಂ05 ನಿಲ್ಲಿಸುತ್ತೆ.

ಜಿ96 (ಕತ್ತರಿಸುವ ವೇಗವನ್ನು ಒಂದೇ ಸಮ ಇರಿಸುವ ಕೋಡ್) ಬಳಸುವಾಗ ಮಾತ್ರ ಬಹಳ ಎಚ್ಚರ. ಫೇಸಿಂಗಿನಲ್ಲಿ, ಅಂದರೆ ಜಾಬಿನ ತುದಿ ಮಟ್ಟ ಮಾಡುವಾಗ, ಟೂಲ್ ನಡುವಿಗೆ ಹೋದಷ್ಟೂ ಸ್ಪಿಂಡಲ್ ವೇಗ ಏರುತ್ತೆ. ಫ್ಯಾನುಕ್ ಕಂಪನಿಯ ಕಂಟ್ರೋಲಿನಲ್ಲಿ ಅದಕ್ಕೂ ಮೊದಲೇ ಜಿ50 ಜೊತೆ ಎಸ್ ಕೊಟ್ಟು ಆರ್‌ಪಿಎಂಗೆ ಮಿತಿ ಹಾಕಿ. ಇಲ್ಲದಿದ್ದರೆ ಜಾಬ್ ತನ್ನನ್ನು ಹಿಡಿದ ಚಕ್ಕಿನಿಂದ ಹಾರಬಹುದು.

ಹೊಸಬರು ಹೆಚ್ಚು ತಡಕಾಡೋದು ಟೂಲಿನ ಅಳತೆಗೆ ಕೊಡುವ ತಿದ್ದುಪಡಿ, ಅಂದರೆ ಆಫ್‌ಸೆಟ್‌ನಲ್ಲಿ. ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಸವೆದು, 25.00 ಮಿ.ಮೀ. ಬರಬೇಕಾದ ಹೊರವ್ಯಾಸ 25.04 ಬಂತು ಅನ್ನಿ. ಪ್ರೋಗ್ರಾಮ್ ಮುಟ್ಟಬೇಡಿ. ವೇರ್ ಆಫ್‌ಸೆಟ್ ಪುಟದಲ್ಲಿ ಆ ಟೂಲಿನ ಎಕ್ಸ್‌ಗೆ ಮೈನಸ್ 0.04 ಟೈಪ್ ಮಾಡಿ ‘ಪ್ಲಸ್ ಇನ್‌ಪುಟ್’ ಒತ್ತಿ. ಹಳೆಯ ಲೆಕ್ಕಕ್ಕೆ ಸೇರುತ್ತೆ. ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯದು ಅಳಿದೇ ಹೋಗುತ್ತೆ. ದಶಮಾಂಶದ ಚುಕ್ಕಿ ಮರೀಬೇಡಿ: ಕೆಲವು ಮಷೀನುಗಳು ಚುಕ್ಕಿಯಿಲ್ಲದ 25 ಅನ್ನು 0.025 ಮಿ.ಮೀ. ಎಂದೇ ಓದುತ್ತವೆ. ಮುಂದಿನ ಪೀಸ್ ಅಳೆದು ನೋಡಿಯೇ ಓಡಿಸಿ.

ಕೈಲೇತಿನಲ್ಲಿ ಸದ್ದು ಕೇಳಿ, ಚಿಪ್ಸ್ ಬಣ್ಣ ನೋಡಿ ಫೀಡ್ ತಗ್ಗಿಸ್ತಿದ್ದಿರಲ್ಲ, ಆ ಕಿವಿ, ಆ ಕಣ್ಣು ಇಲ್ಲೂ ಬೇಕು. ಬಾಗಿಲು ಮುಚ್ಚಿದ ಮಷೀನಿನಲ್ಲೂ ಟೂಲಿನ ಅಂಚು ಒಡೆದರೆ ಸದ್ದು ಬದಲಾಗುತ್ತೆ. ಪರದೆಯ ಲೋಡ್ ಮೀಟರ್ (ಮೋಟಾರಿನ ಹೊರೆ ತೋರಿಸುವುದು) ಕೂಡ ಏರುತ್ತೆ. ಎರಡನ್ನೂ ಒಟ್ಟಿಗೆ ಗಮನಿಸೋದು ರೂಢಿಯಾಗಲಿ. ಕೈಕೆಲಸ ಗೊತ್ತಿರೋರು ಇಲ್ಲಿ ಬೇಗ ಮುಂದೆ ಬರೋದು ಇದರಿಂದಲೇ.

ಓದೋಕೆ ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣ ಇದೆ. ಐಟಿಐ ಟ್ರೇಡುಗಳ ಪಠ್ಯಕ್ರಮ, ಪ್ರಶ್ನೆಗಳು ಪುಕ್ಕಟೆ ಸಿಗುತ್ತವೆ. ಎಕ್ಸೆಲ್ ಕೂಡ ಕಲಿಯಿರಿ. ಯಾವ ಇನ್ಸರ್ಟ್ ಎಷ್ಟು ಪೀಸಿಗೆ ಸವೀತು ಅಂತ ಬರೆದಿಟ್ಟ ಒಂದು ಶೀಟ್ ತೋರಿಸಿದರೆ ಸೂಪರ್‌ವೈಸರ್ ನಿಮ್ಮ ಮಾತು ಕೇಳ್ತಾರೆ. ಆಗ, ‘ಮುಂದಿನ ಸೆಟಪ್ ಹಾಕುವಾಗ ನನ್ನನ್ನೂ ನಿಲ್ಲಿಸಿಕೊಳ್ಳಿ’ ಅಂತ ಕೇಳಿ. ಸೆಟಪ್ ಮುಗಿಯುವಷ್ಟರಲ್ಲಿ ಪಾಳಿಯ ಹೊತ್ತು ದಾಟಬಹುದು, ತುಮಕೂರಿಗೆ ವಾಪಸ್ ಬರೋಕೆ ಗಾಡಿ ಮೊದಲೇ ನೋಡಿಕೊಂಡಿರಿ.