ರಾತ್ರಿ ಎಂಟಕ್ಕೆ ಆರ್ಡರ್ ಬಂದ್: ನನ್ನ ಬೊಕೆ ಡೆಲಿವರಿ ಅನುಭವ

"ಹುಟ್ಟಿದಹಬ್ಬ ಅಂತ ಜನಕ್ಕೆ ನೆನಪಾಗೋದೇ ಆವತ್ತು ಬೆಳಿಗ್ಗೆ ಫೋನ್ ನೋಡಿದ ಮೇಲೆ. ಹಿಂದಿನ ದಿನವೇ ಆರ್ಡರ್ ಕೊಡಿ ಅಂದ್ರೆ ಯಾರು ಕೊಡ್ತಾರೆ ಕಣವ್ವ?" ಬೊಕೆಗೆ ಹಿಂದಿನ ರಾತ್ರಿಯೇ ಆರ್ಡರ್ ತಗೊಳ್ಳುತ್ತೇನೆ ಅಂದಾಗ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಮ್ಮಮ್ಮನ ಪಕ್ಕ ಕೂತು ವ್ಯಾಪಾರ ಮಾಡುವ ಹಿರಿಯರು 2022ರಲ್ಲಿ ನನಗೆ ಹೇಳಿದ ಮಾತಿದು. ಈಗ ಅವರ ಮೊಮ್ಮಗನೇ ನನ್ನ ಬೆಳಗಿನ ಸುತ್ತಿನ ಡೆಲಿವರಿ ಹುಡುಗ.

ಬೊಕೆ ಕಟ್ಟುವುದು ಹೇಗೆ ಅಂತ ಬರೆಯಲು ಕೂತಿಲ್ಲ. ಈ ಕೆಲಸದಲ್ಲಿ ಇರುವವರಿಗೆ ಅದು ಗೊತ್ತು. ಕಟ್ಟಿದ್ದು ಗಿರಾಕಿ ಮನೆಯಲ್ಲಿ ನಾಲ್ಕು ದಿನ ನಿಲ್ಲಬೇಕು, ನಮ್ಮ ಕೈಯಲ್ಲೂ ನಾಲ್ಕು ಕಾಸು ನಿಲ್ಲಬೇಕು. ಅದಕ್ಕೆ ಪಟ್ಟ ಪಾಡು ಬರೆಯುತ್ತೇನೆ. ಲೆಕ್ಕವೆಲ್ಲ ನೆನಪಿನಿಂದ, ಹೆಚ್ಚು ಕಡಿಮೆ ಇರಬಹುದು.

ಅಮ್ಮ ಮಲ್ಲಿಗೆ, ಕಾಕಡ, ಕನಕಾಂಬರವನ್ನು ಮಾರಿನ ಲೆಕ್ಕದಲ್ಲಿ ಮಾರಿದವಳು. ನಾನು 2019ರಲ್ಲಿ ಸರಸ್ವತಿಪುರಂನಲ್ಲಿ ಹತ್ತಡಿ ಮಳಿಗೆ ಹಿಡಿದು ಗುಲಾಬಿ, ಜರ್ಬೆರಾ, ಕಾರ್ನೇಷನ್ ಇಟ್ಟೆ. ಅಮ್ಮ ಇವಕ್ಕೆಲ್ಲ ಸೇರಿಸಿ "ಕಡ್ಡಿ ಹೂ" ಅಂತಾಳೆ. ಮುಡಿಯೋಕೆ ಬರಲ್ಲ, ದೇವರಿಗೆ ಏರಿಸೋಕೆ ಬರಲ್ಲ, ಇದಕ್ಕೆ ಇನ್ನೂರು ಮುನ್ನೂರು ಯಾರು ಕೊಡ್ತಾರೆ ಅನ್ನುವುದು ಅವಳ ಪ್ರಶ್ನೆ. ಮೊದಲ ಎರಡು ವರ್ಷ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಆಗ ನಾನು ಒಂದು ದೊಡ್ಡ ಆನ್‌ಲೈನ್ ಕಂಪನಿಯ ಆರ್ಡರ್ ನಂಬಿಕೊಂಡಿದ್ದೆ. ಗಿರಾಕಿ 799 ಕೊಟ್ಟರೆ ನನಗೆ ಬರುತ್ತಿದ್ದದ್ದು 450, 480. ಅದರಲ್ಲೇ ಹೂ, ಕಾಗದ, ಪೆಟ್ರೋಲು. ಅರ್ಧ ಗಂಟೆ ತಡವಾದರೆ ದಂಡ. ಫೋಟೋದಲ್ಲಿ ಇರುವ ನೇರಳೆ ಆರ್ಕಿಡ್ ಇಲ್ಲದಿದ್ದರೂ ದಂಡ. ಎರಡು ಗಂಟೆಯಲ್ಲಿ ತಲುಪಿಸಬೇಕು ಅಂದರೆ ಎಲ್ಲ ಬಣ್ಣ, ಎಲ್ಲ ಜಾತಿಯ ಹೂ ಅಂಗಡಿಯಲ್ಲಿ ಇರಲೇಬೇಕು, ಅಲ್ವಾ? ಬೆಂಗಳೂರಿನಿಂದ ವಾರಕ್ಕೆ ಮೂರು ಸಲ ಮಾಲು ತರಿಸುತ್ತಿದ್ದೆ. ನೂರು ರೂಪಾಯಿ ಹೂವಿನಲ್ಲಿ ಮೂವತ್ತೈದು, ನಲವತ್ತು ರೂಪಾಯಿದು ತಿಪ್ಪೆಗೆ ಹೋಗುತ್ತಿತ್ತು.

2020ರ ಪ್ರೇಮಿಗಳ ದಿನ ಇನ್ನೂ ಮರೆತಿಲ್ಲ. ತಾಜ್ ಮಹಲ್ ಕೆಂಪು ಗುಲಾಬಿ ಅರವತ್ತು ಬಂಚ್ ಎತ್ತಿದೆ, ಬಂಚಿಗೆ ಇಪ್ಪತ್ತು ಹೂ. ಬಂಚಿಗೆ ಮುನ್ನೂರರ ಮೇಲೆ ಬಿತ್ತು. ಸಂಜೆ ಆರಕ್ಕೆ ಎಣಿಸಿದರೆ ಐನೂರು ಹೂ ಹಾಗೇ ಉಳಿದಿವೆ, ಬಾಯಿ ಬಿಟ್ಟುಕೊಂಡು. ಮಾರನೇ ದಿನ ಮಂಟಪ ಅಲಂಕಾರದವರೊಬ್ಬರು ಎಸಳಿಗೆ ಅಂತ 800 ಕೊಟ್ಟು ಹೊತ್ತುಕೊಂಡು ಹೋದರು. ಮುಂದಿನ ತಿಂಗಳೇ ಲಾಕ್‌ಡೌನ್. ಬಾಗಿಲು ಹಾಕಿದ್ದೇ ಒಂದು ಥರ ಒಳ್ಳೇದಾಯ್ತು ಅನ್ನಿಸಿತ್ತು, ನಿಜ ಹೇಳಬೇಕೆಂದರೆ.

ಮತ್ತೆ ತೆರೆದಾಗ ಸಭೆ ಸಮಾರಂಭದ ಬೊಕೆ ಮೇಲೆ ಕಣ್ಣಿಟ್ಟೆ. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ ಸುತ್ತೋಲೆ ಬಂತು. ಪುಸ್ತಕ ಕೊಡುವುದು ಒಳ್ಳೇದೇ, ನನಗೂ ಓದುವ ಹುಚ್ಚಿದೆ. ಆದರೆ ಆ ದಾರಿ ಮುಚ್ಚಿತು. ಉಳಿದದ್ದು ಮನೆಗಳು ಮಾತ್ರ.

ಒಂದು ಮಧ್ಯಾಹ್ನ ಸುಮ್ನೆ ಕೂತು ಹಳೇ ಆರ್ಡರ್ ಡೈರಿ ತಿರುವಿದೆ. ನೂರು ಆರ್ಡರಿನಲ್ಲಿ ಎಪ್ಪತ್ತರಷ್ಟು ಹುಟ್ಟಿದಹಬ್ಬ, ಮದುವೆ ವಾರ್ಷಿಕೋತ್ಸವ. ಅಂದರೆ ತಾರೀಖು ಒಂದು ವರ್ಷ ಮೊದಲೇ ನನ್ನ ಡೈರಿಯಲ್ಲಿ ಕೂತಿದೆ! ಗಿರಾಕಿ ಮರೆಯುತ್ತಾನೆ ಸರಿ, ನಾನು ಯಾಕೆ ಮರೆಯಬೇಕು? ಅವತ್ತೇ ತಾರೀಖುಗಳನ್ನು ತಿಂಗಳ ಪ್ರಕಾರ ಬರೆದುಕೊಂಡೆ. ಎರಡು ಮೂರು ದಿನ ಮೊದಲು ವಾಟ್ಸಾಪ್ ಮೆಸೇಜು. "ಸಾರ್, ಹೋದ ವರ್ಷ ನಿಮ್ಮತ್ತೆಯವರಿಗೆ ಹಳದಿ ಸೇವಂತಿಗೆ ಕಳಿಸಿದ್ರಿ." ಇಷ್ಟೇ. ತಗೊಳ್ಳಿ ಅಂತ ಕೇಳುವುದೇ ಇಲ್ಲ. ಯಾವ ಹೊತ್ತಿಗೆ ಕಳಿಸಿದರೆ ಉತ್ತರ ಬರುತ್ತದೆ ಅನ್ನುವುದನ್ನು ಕಂಡುಕೊಳ್ಳಲು ಎಂಟು ತಿಂಗಳು ಹಿಡಿಯಿತು, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅಲ್ಲಿಂದ ನಿಯಮ ಮಾಡಿದೆ. ನಾಳೆಯ ಬೊಕೆಗೆ ಇವತ್ತು ರಾತ್ರಿ ಎಂಟರ ಒಳಗೆ ಹೇಳಬೇಕು, ದುಡ್ಡು ಪೂರ್ತಿ ಮೊದಲೇ. ಹೂವಿನ ಹೆಸರು ಹೇಳುವ ಹಾಗಿಲ್ಲ, ಬಣ್ಣ ಮತ್ತು ಬೆಲೆ ಮಾತ್ರ. ಡೆಲಿವರಿ ಬೆಳಿಗ್ಗೆ 7ರಿಂದ 9.30, ಸಂಜೆ 5ರಿಂದ 7.30. ಮಧ್ಯಾಹ್ನದ ಬಿಸಿಲಿಗೆ ಗಾಡಿ ಹೊರಡುವುದಿಲ್ಲ, ಯಾರು ಎಷ್ಟೇ ಕೊಟ್ಟರೂ. ಎಂಟಕ್ಕೆ ಲೆಕ್ಕ ಹಾಕಿ ಬೆಂಗಳೂರಿಗೂ, ನಮ್ಮ ಕಡೆಯ ಒಬ್ಬ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ) ರೈತರಿಗೂ ಫೋನ್ ಮಾಡುತ್ತೇನೆ. ಅವರ ಊರು ಕೇಳಬೇಡಿ, ಹೇಳಲ್ಲ. ರೈತರ ಹೂವೆಲ್ಲ ಬೆಳಗಿನ ಸುತ್ತಿಗೆ, ಬೆಂಗಳೂರಿನ ಮಾಲು ಬಸ್ಸಿನಲ್ಲಿ ಬೆಳಿಗ್ಗೆ ಬಂದು ನೀರು ಕುಡಿದು ಸಂಜೆ ಸುತ್ತಿಗೆ.

ಮೊದಲ ತಿಂಗಳು ದಿನಕ್ಕೆ ಮೂರು ಆರ್ಡರ್. ಕೆಲವು ದಿನ ಸೊನ್ನೆ. ನಮ್ಮೆಜಮಾನರು ಏನೂ ಅನ್ನಲಿಲ್ಲ, ಆದರೆ ಮಳಿಗೆ ಬಾಡಿಗೆ ಚೀಟಿ ತಂದು ನನ್ನ ಊಟದ ತಟ್ಟೆ ಪಕ್ಕ ಇಟ್ಟರು. ಆರನೇ ತಿಂಗಳಿಗೆ ಹತ್ತು ದಾಟಿತು.

ಈ ನಡುವೆ ಮಾಡಿದ ಎರಡು ತಪ್ಪು ಹೇಳಲೇಬೇಕು.

ಒಂದು, ಫ್ರಿಜ್ಜು. ತಂಪುಪಾನೀಯದ ಅಂಗಡಿಯವರು ಮಾರಿದ ಗಾಜಿನ ಬಾಗಿಲಿನ ಹಳೇ ಫ್ರಿಜ್ಜನ್ನು 22,000ಕ್ಕೆ ತಂದೆ. ಅದರ ಫ್ಯಾನು ಹೂವಿನ ನೀರನ್ನೆಲ್ಲ ಹೀರಿತು. ಗುಲಾಬಿಯ ಹೊರ ಎಸಳು ಕಾಗದದ ಹಾಗೆ ಗರಿಗರಿ. ತಂಪು ಇದ್ದರೆ ಸಾಲದು, ತೇವ ಬೇಕು. ಅದನ್ನು 14,000ಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಈಗ ಅಗ್ರಹಾರದಲ್ಲಿ ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಮನೆಯ ಹಿಂದಿನ ಕೋಣೆ ಹಿಡಿದಿದ್ದೇನೆ. ಕಿಟಕಿಗೆ ಒದ್ದೆ ಗೋಣಿ ತಾಟು, ನೆಲಕ್ಕೆ ನೀರು. ಏಪ್ರಿಲ್‌ನಲ್ಲೂ ಒಳಗೆ ಹೋದರೆ ಮೈ ತಣ್ಣಗಾಗುತ್ತದೆ.

ಎರಡನೆಯದು ಅದೇ ಕೋಣೆಯಲ್ಲಿ ಆಯಿತು. ಗೌರಿ ಹಬ್ಬಕ್ಕೆ ಮೊದಲು ಮೈದುನ ನಂಜನಗೂಡು ರಸಬಾಳೆ ಗೊನೆಗಳನ್ನು ತಂದು "ಅತ್ತಿಗೆ, ಎರಡು ದಿನ ಇಲ್ಲಿರಲಿ" ಅಂತ ಮೂಲೆಯಲ್ಲಿ ಇಟ್ಟ. ಪರಿಮಳ ಚೆನ್ನಾಗಿತ್ತು. ಬೆಳಿಗ್ಗೆ ನೋಡಿದರೆ ಕಾರ್ನೇಷನ್ ಎಲ್ಲ ಎಸಳು ಒಳಕ್ಕೆ ಮಡಚಿಕೊಂಡು ಮಲಗಿದ ಹಾಗಿದೆ. ನೀರು ಬದಲಿಸಿದೆ, ಬುಡ ಕತ್ತರಿಸಿದೆ, ಏಳಲೇ ಇಲ್ಲ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಗಾಳಿ ಕಾರ್ನೇಷನ್‌ಗೆ ವಿಷ ಅಂತ ಆಮೇಲೆ ತಿಳಿಯಿತು. 3,000 ರೂಪಾಯಿ ಹೂವು ಹೋಯಿತು. ರಸಬಾಳೆ ಮಾತ್ರ ಬಹಳ ರುಚಿಯಾಗಿತ್ತು, ಅದೇ ಸಿಟ್ಟು.

ಈಗ ಡೆಲಿವರಿ ವಿಷಯ. ಎಲ್ಲರೂ ನಕ್ಕಿದ್ದು ಇದಕ್ಕೇ. ನನ್ನ ಬೊಕೆಗೆ ಫೋಮ್, ಅಂದರೆ ಕಡ್ಡಿ ಚುಚ್ಚುವ ನೀರು ಹೀರುವ ಸ್ಪಂಜಿನಂಥ ಇಟ್ಟಿಗೆ, ಇಲ್ಲ. ಅಂಗಡಿಯಲ್ಲಿ ಕಾಗದವನ್ನೂ ಸುತ್ತುವುದಿಲ್ಲ. ಹೂವನ್ನು ಬಾಳೆನಾರಿನಲ್ಲಿ ಬಿಗಿದು, ಬುಡ ಕತ್ತರಿಸಿ, ನೇರ ಬಕೆಟ್ಟಿಗೆ. ಬಕೆಟ್ಟು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಕೂರುತ್ತದೆ. ತಳಕ್ಕೆ ತೊಳೆದ ತೆಂಗಿನ ನಾರು ಎರಡು ಹಿಡಿ, ಮೂರು ಬೆರಳು ನೀರು. ನಾರು ಇದ್ದರೆ ಹಂಪ್ ಬಂದಾಗ ನೀರು ತುಳುಕುವುದಿಲ್ಲ, ಕಡ್ಡಿ ಜಾರುವುದಿಲ್ಲ. ಕಾಗದವನ್ನು ಮೊದಲೇ ಕಡಲೆಕಾಯಿ ಪೊಟ್ಟಣದ ಆಕಾರಕ್ಕೆ ಅಂಟಿಸಿ ಚೀಲದಲ್ಲಿ ಕೊಟ್ಟಿರುತ್ತೇನೆ. ಹುಡುಗ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಬುಡ ಒರೆಸಿ, ಪೊಟ್ಟಣಕ್ಕೆ ಇಳಿಸಿ, ರಿಬ್ಬನ್ ಎಳೆದು ಬೆಲ್ ಒತ್ತುತ್ತಾನೆ. ಎರಡು ನಿಮಿಷ. "ಡೆಲಿವರಿ ಹುಡುಗರ ಕೈಲಿ ಬೊಕೆ ಕಟ್ಟಿಸ್ತೀಯಾ?" ಅಂದವರಿದ್ದರು. ಕಟ್ಟುವುದು ಅಂಗಡಿಯಲ್ಲೇ, ಅವನು ಬಟ್ಟೆ ತೊಡಿಸುತ್ತಾನೆ ಅಷ್ಟೇ. ಒಂದು ಸುತ್ತಿಗೆ ಒಂದು ಗಾಡಿಯಲ್ಲಿ ಆರು ಬೊಕೆ. ಎಂಟು ಹಾಕಿ ನೋಡಿದೆ, ಜರ್ಬೆರಾ ಕುತ್ತಿಗೆ ಮುರಿಯಿತು. ಜರ್ಬೆರಾ ಇರುವ ಬಕೆಟ್ಟಿಗೆ ನೀರು ಇನ್ನೂ ಕಡಿಮೆ ಸಾಕು, ಅದರ ಕಡ್ಡಿ ಬೇಗ ಕೊಳೆಯುತ್ತದೆ. ರಾತ್ರಿ ನೆನೆಸುವ ನೀರಿಗೆ ಸಕ್ಕರೆ, ನಿಂಬೆಹುಳಿ ಎಲ್ಲರೂ ಹಾಕುತ್ತಾರೆ. ನಾನು ಹಾಕುವ ಮೂರನೇದು ಏನು ಅಂತ ಹುಡುಗರಿಗೂ ಗೊತ್ತಿಲ್ಲ.

ವಿಳಾಸದ ತಲೆನೋವು ಬೇರೆ. ಅಮೆರಿಕದಿಂದ ಒಬ್ಬ ಹುಡುಗ ಅಮ್ಮನಿಗೆ ಅಂತ 1,500ರ ಬೊಕೆ ಹೇಳಿದ. ಜೆ.ಪಿ. ನಗರ ಅಂತ ಬರೆದಿದ್ದ. ನಮ್ಮ ಹುಡುಗ ಮುಕ್ಕಾಲು ಗಂಟೆ ಸುತ್ತಿದ. ಕೊನೆಗೆ ನೋಡಿದರೆ ಅದು ಬೆಂಗಳೂರಿನ ಜೆ.ಪಿ. ನಗರ! ವಿಜಯನಗರ, ಜಯನಗರ, ಹೆಬ್ಬಾಳ, ಯಾವುದು ಹೇಳಿ, ಅಲ್ಲೂ ಇದೆ ಇಲ್ಲೂ ಇದೆ. ಅವತ್ತಿನಿಂದ ಪಿನ್‌ಕೋಡ್ ಇಲ್ಲದೆ ದುಡ್ಡು ತಗೊಳ್ಳುವುದಿಲ್ಲ. 570 ಅಂದರೆ ನಮ್ಮದು, 560 ಅಂದರೆ ಕೈ ಮುಗಿಯುವುದು.

ವಿಜಯದಶಮಿ ದಿನ ಒಂದೇ ಸುತ್ತು, ಬೆಳಿಗ್ಗೆ 6ಕ್ಕೆ ಶುರು, 8.30ಕ್ಕೆ ಮುಗಿಸಬೇಕು. ಜಂಬೂ ಸವಾರಿಗೆ ಅರಮನೆಯಿಂದ ಸಯ್ಯಾಜಿ ರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ದಾರಿ ಬಂದ್ ಆದಮೇಲೆ ಊರು ಎರಡು ಹೋಳು. ಒಂದು ವರ್ಷ ಹನ್ನೊಂದಕ್ಕೆ ಕಳಿಸಿ, ಹುಡುಗ ಸ್ಕೂಟರ್ ಬಿಟ್ಟು ಬಕೆಟ್ಟು ತಲೆ ಮೇಲೆ ಹೊತ್ತು ಜನದ ಮಧ್ಯೆ ನಡೆದಿದ್ದ. ದಾರಿಯಲ್ಲಿ ಮೂವರು ರೇಟು ಕೇಳಿದರಂತೆ.

ಊರಿನ ಹೂವನ್ನೇ ಬೊಕೆಗೆ ತರೋಣ ಅಂತ ಬಹಳ ಆಟ ಆಡಿದ್ದೇನೆ. ಮೈಸೂರು ಮಲ್ಲಿಗೆಯ ಬೊಕೆ ಸೋತಿತು. ಮೊಗ್ಗಿನಲ್ಲಿ ಕಟ್ಟಿದರೆ ಸಂಜೆ ಅರಳಿ ಮನೆಯೆಲ್ಲ ಘಮ್ ಅನ್ನುತ್ತದೆ, ಬೆಳಗಾದರೆ ಕಂದು. ಮೂರು ದಿನ ನಿಲ್ಲಲಿಲ್ಲ ಅಂತ ಗಿರಾಕಿ ಬೈದರು. ಮಲ್ಲಿಗೆ ಮೂರು ದಿನ ನಿಂತರೆ ಅದು ಮಲ್ಲಿಗೆಯಾ? ತಾವರೆಯೂ ಅಷ್ಟೇ, ಕಿತ್ತ ಮೊಗ್ಗು ತಾನಾಗಿ ಅರಳುವುದು ಅಪರೂಪ, ಎಸಳು ಒಂದೊಂದಾಗಿ ಮಡಚಬೇಕು. ಅಷ್ಟು ಕೂಲಿ ಯಾರು ಕೊಡುತ್ತಾರೆ? ಸುಗಂಧರಾಜ ಗೆದ್ದಿತು. ಕೆಳಗಿನಿಂದ ಒಂದೊಂದೇ ಅರಳುತ್ತಾ ಹೋಗುತ್ತದೆ, ಬಾಡಿದ್ದನ್ನು ಕಿತ್ತರೆ ಸಾಕು. ದವನ, ಮರುಗವನ್ನು ಎಲೆಯ ಬದಲು ಹಾಕಿದೆ, ಅದೂ ಗೆದ್ದಿತು. ಮೈಸೂರು ಚಿಗುರೆಲೆ ವೀಳ್ಯವನ್ನು ಸುತ್ತಲೂ ಜೋಡಿಸಿದ್ದು ಮಾತ್ರ ನಗೆಪಾಟಲು. ಕುವೆಂಪುನಗರದ ಒಬ್ಬರು ಫೋನ್ ಮಾಡಿ "ತಾಂಬೂಲ ಚೆನ್ನಾಗಿದೆ ಕಣಮ್ಮ, ಅಡಿಕೆ ಎಲ್ಲಿ?" ಅಂದರು.

ಒಂಟಿಕೊಪ್ಪಲಿನ ಒಬ್ಬ ಅಜ್ಜಿ ಮೊಮ್ಮಗ ಕಳಿಸಿದ ಬೊಕೆ ಬಿಚ್ಚಿ, ಒಂದೊಂದು ಹೂವನ್ನೂ ದೇವರ ಮನೆಯಲ್ಲಿ ಏರಿಸಿಬಿಟ್ಟಿದ್ದರು. ಗಣಪತಿ ತಲೆ ಮೇಲೆ ಕಿತ್ತಳೆ ಜರ್ಬೆರಾ! ಫೋಟೋ ನೋಡಿ ನಗು ಬಂತು, ಆಮೇಲೆ ಯೋಚನೆ ಬಂತು. ಈಗ ಅರವತ್ತು ದಾಟಿದವರ ಬೊಕೆಗೆ ಸೇವಂತಿಗೆ ಐದಾರು ಕಡ್ಡಿ ಜಾಸ್ತಿ. ಅಮ್ಮನೂ ಒಪ್ಪಿದ್ದಾಳೆ.

ಮಂಡ್ಯಕ್ಕೆ ಶುರು ಮಾಡಿ ಒಂದೂವರೆ ವರ್ಷವಾಯಿತು. ಮೊದಲು ಹುಡುಗನನ್ನೇ ಸ್ಕೂಟರಿನಲ್ಲಿ ಕಳಿಸುತ್ತಿದ್ದೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಸ್ಕೂಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಲವತ್ತೈದು ಕಿಲೋಮೀಟರ್ ಗಾಳಿ ಬಡಿದು ಹೂವಿಗಿಂತ ಮೊದಲು ಹುಡುಗ ಬಾಡಿದ. ಆಮೇಲೆ ಕಟ್ಟಿದ ಬೊಕೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕಿದೆ. ಯಾರೋ ಅದರ ಮೇಲೆ ಟೊಮೆಟೊ ಚೀಲ ಇಟ್ಟಿದ್ದರು. ಈಗ ಬಿಡಿ ಹೂ ಮಾತ್ರ ಬಸ್ಸಿಗೆ. ಮಂಡ್ಯದಲ್ಲಿ ನಾದಿನಿ ಇಳಿಸಿಕೊಂಡು, ಎರಡು ಗಂಟೆ ನೀರಿಗಿಟ್ಟು, ಕಟ್ಟುತ್ತಾಳೆ. ದಿನಕ್ಕೆ ನಾಲ್ಕೈದು ಆಗುತ್ತದೆ. ಅವಳ ಕೈ ನನಗಿಂತ ಬಿಗಿ, ಆದರೆ ರಿಬ್ಬನ್ ಮಾತ್ರ ಲಾರಿ ಅಲಂಕಾರದ ಹಾಗೆ ಹಾಕುತ್ತಾಳೆ. ಹೇಳಿದರೆ "ಮಂಡ್ಯದವ್ರಿಗೆ ಹಿಂಗೇ ಬೇಕು ಅತ್ತಿಗೆ" ಅಂತಾಳೆ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಮೈಸೂರಿನಲ್ಲಿ ಈಗ ದಿನಕ್ಕೆ ಹದಿನೆಂಟು ಇಪ್ಪತ್ತು ಬೊಕೆ, ಭಾನುವಾರ ಮೂವತ್ತರ ಮೇಲೆ. ಸರಾಸರಿ 650 ರೂಪಾಯಿ. ಅದರಲ್ಲಿ ಹೂವಿಗೆ 200, ಕಾಗದ ರಿಬ್ಬನ್ 40, ಹುಡುಗ ಮತ್ತು ಪೆಟ್ರೋಲಿಗೆ 70. ಉಳಿದದ್ದರಲ್ಲಿ ಬಾಡಿಗೆ, ಕಟ್ಟಲು ಬರುವ ಇಬ್ಬರು ಹೆಂಗಸರ ಸಂಬಳ. ತಿಪ್ಪೆಗೆ ಹೋಗುವ ಹೂ ನೂರಕ್ಕೆ ಏಳೆಂಟು. ಎರಡು ದಿನದ ಒಳಗೆ ಬಾಡಿದರೆ ಇನ್ನೊಂದು ಕಳಿಸುತ್ತೇನೆ ಅಂತ ಬೋರ್ಡು ಹಾಕಿದ್ದೇನೆ. ಹೋದ ವರ್ಷ ಹಾಗೆ ಕಳಿಸಿದ್ದು ಹನ್ನೊಂದೋ ಹನ್ನೆರಡೋ. ಅದರಲ್ಲಿ ಎರಡು ಬೊಕೆಯನ್ನು ಟಿವಿ ಮೇಲೆ ಇಟ್ಟಿದ್ದರು.

ಪ್ರೇಮಿಗಳ ದಿನ ಈಗ ಅರವತ್ತು ಆರ್ಡರ್ ಆದ ಕೂಡಲೇ ಫೋನು ಸ್ವಿಚ್ ಆಫ್.

ಬಕೆಟ್ಟು ಯಾವುದು ಅಂತ ಸುಮಾರು ಜನ ಕೇಳಿದ್ದೀರಿ. ಹತ್ತು ಲೀಟರಿನ ಪೇಂಟ್ ಡಬ್ಬ, ಗೋಡೆಗೆ ಹಚ್ಚುವ ನೀರಿನ ಪೇಂಟಿನದು. ಬಣ್ಣ ಬಳಿಯುವವರ ಹತ್ತಿರ ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಎಣ್ಣೆ ಡಬ್ಬ ತರಬೇಡಿ, ಎಷ್ಟು ಉಜ್ಜಿದರೂ ಜಿಡ್ಡು ಹೋಗುವುದಿಲ್ಲ, ಗುಲಾಬಿ ಅದರಲ್ಲಿ ನೀರು ಎಳೆಯುವುದಿಲ್ಲ. ಸೋಪಿನ ಪುಡಿಯಲ್ಲಿ ಒಂದು ಸಲ, ಬ್ಲೀಚಿಂಗ್ ಪುಡಿಯಲ್ಲಿ ಒಂದು ಸಲ ತೊಳೆದು, ಬಿಸಿಲಿಗೆ ಬೋರಲು ಹಾಕಿ. ವಾರಕ್ಕೊಮ್ಮೆ ಹಾಗೆ ಮಾಡಿ. ನಾನು ಸೋಮವಾರ ಮಾಡುತ್ತೇನೆ, ಅವತ್ತು ಆರ್ಡರ್ ಕಡಿಮೆ.