ಹೆಸರು ಬಿಟ್ಟೆ, ಕಟ್ಟುಪಾಡು ಇಟ್ಟುಕೊಂಡೆ

ನಾನು ಬರೆಯುತ್ತಿರುವುದು ಫ್ಯಾಂಟಸಿ ಕಾದಂಬರಿ. ಅದರ ರಾಜ್ಯ ಯಾವ ನಕಾಶೆಯಲ್ಲೂ ಇಲ್ಲ. ಆದರೆ ಕೆರೆ ಏರಿ, ಹುಣಸೆ ತೋಪು, ಬಂಡೆಗುಡ್ಡ ಎಲ್ಲ ನಮ್ಮ ಕೋಲಾರದ್ದೇ. ನೆಲ ಇಲ್ಲಿಯದಾದ ಮೇಲೆ ವಿಡಿಯೋ ಗೇಮಿನಿಂದ ಹರಳು ಮೆತ್ತಿದ ಕತ್ತಿ ತಂದು ನಾಯಕನ ಕೈಗಿಡಲು ಮನಸ್ಸಾಗಲಿಲ್ಲ. ಸುತ್ತಮುತ್ತ ಹುಡುಕಿದಾಗ ಸಿಕ್ಕ ಆಯುಧಗಳಲ್ಲಿ ಎರಡು ಬಗೆ. ಕೆಲವಕ್ಕೆ ಇವತ್ತಿಗೂ ಪೂಜೆ ನಡೆಯುತ್ತದೆ. ಕೆಲವು ಕಲ್ಲಿನಲ್ಲಷ್ಟೇ ಉಳಿದಿವೆ. ಎರಡನ್ನೂ ಒಂದೇ ಸಲುಗೆಯಿಂದ ಮುಟ್ಟಬಾರದು ಅನ್ನುವುದು ಬರೆಯುತ್ತ ಹೋದಂತೆ ಗಟ್ಟಿಯಾಯಿತು.

ಮೊದಲ ಬಗೆಯದು ಕರಗದ ಅಲಗು, ಅಂದರೆ ಕತ್ತಿ. ಕೋಲಾರ, ಮಾಲೂರು ಕಡೆ ಧರ್ಮರಾಯಸ್ವಾಮಿ ಕರಗ ನೋಡಿದವರಿಗೆ ವೀರಕುಮಾರರ ಬಗ್ಗೆ ಹೇಳಬೇಕಿಲ್ಲ. ತಿಗಳ ಸಮುದಾಯದ ಗಂಡುಮಕ್ಕಳು ದೀಕ್ಷೆ ಹಿಡಿದು ಕರಗದ ಕಾವಲಿಗೆ ನಿಲ್ಲುತ್ತಾರೆ. ಬರಿಯೆದೆಗೆ ಅಲಗು ಬಡಿದುಕೊಳ್ಳುತ್ತ ‘ದಿಕ್ ದಿ, ದಿಕ್ ದಿ’ ಎಂದು ಕೂಗುವ ಅಲಗು ಸೇವೆ ನೋಡಿದರೆ ಯಾವ ಬರಹಗಾರನಿಗಾದರೂ ಕೈ ತುರಿಸುತ್ತದೆ. ಅಸುರನನ್ನು ಎದುರಿಸಲು ದ್ರೌಪದಿಯೇ ಆದಿಶಕ್ತಿಯಾಗಿ ಈ ವೀರಕುಮಾರರನ್ನು ಹುಟ್ಟಿಸಿದಳು ಎಂಬ ಕಥೆಯೂ ಇದೆ. ಫ್ಯಾಂಟಸಿಗೆ ಇನ್ನೇನು ಬೇಕು! ಆದರೆ ನನಗೆ ಕಥೆಯಾಗಿ ಕಾಣುವುದು ಅವರಿಗೆ ವ್ರತ. ನಾನು ಆ ಸಮುದಾಯದವನೂ ಅಲ್ಲ.

ಹಾಗಾಗಿ ವಯಸ್ಸಿನಲ್ಲಿ ವೀರಕುಮಾರರಾಗಿದ್ದ ಪರಿಚಯದ ಹಿರಿಯರೊಬ್ಬರಿಗೆ ಒಂದು ಅಧ್ಯಾಯದ ಕರಡು ಓದಿ ಹೇಳಿದೆ. ನಾಯಕ ರಾತ್ರೋರಾತ್ರಿ ಗುಡಿಗೆ ನುಗ್ಗಿ ಕತ್ತಿ ಎತ್ತಿಕೊಂಡು ಓಡುವ ದೃಶ್ಯ. ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, “ಅಲ್ಲಪ್ಪಾ, ಅವನು ನೀರು ಹುಯ್ಕೊಂಡಿದ್ನಾ?” ಅಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. “ದೀಕ್ಷೆ ಯಾರು ಕೊಟ್ರು ಅವನಿಗೆ? ಮನೆಗೆ ತಗೊಂಡೋಗಿ ಎಲ್ಲಿಟ್ಟ, ಮಂಚದ ಕೆಳಗಾ?”

ಇಂಥ ಪ್ರಶ್ನೆ ಬರಲಿ ಅಂತಲೇ ಓದಿದ್ದು. ಅಲಗು ಎಂಬ ಹೆಸರು, ಆ ಕೂಗು, ಕರಗದ ಕಥೆ ಯಾವುದನ್ನೂ ಕಾದಂಬರಿಗೆ ತರಲಿಲ್ಲ. ಆಯುಧ ಹಿಡಿದವನಿಗೆ ಕಟ್ಟುಪಾಡು ಇರಬೇಕು ಎಂಬುದನ್ನು ಮಾತ್ರ ಇಟ್ಟುಕೊಂಡೆ. ಆ ಕಟ್ಟುಪಾಡುಗಳನ್ನೂ ನಾನೇ ಹೊಸದಾಗಿ ಕಟ್ಟಿದೆ. ನನ್ನ ‘ಕಾವಲುಬಾಳು’ ಎಂಬ ಕತ್ತಿ ಹಿಡಿದವನು ಸ್ವಂತ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುವಂತಿಲ್ಲ, ಹೋದರೆ ಕತ್ತಿಗೆ ಕಸುವಿಲ್ಲ. ಇದರಿಂದ ಕಥೆಗೆ ಆದ ಲಾಭ ನೋಡಿ: ಖಳನಾಯಕ ಕತ್ತಿ ಕಸಿಯಬೇಕಾಗಿಲ್ಲ, ನಾಯಕನಿಗೆ ‘ನಿಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ’ ಎಂದು ಸುಳ್ಳು ಸುದ್ದಿ ಮುಟ್ಟಿಸಿದರೆ ಸಾಕು. ಬೆಂಕಿ ಉಗುಳುವ ಕತ್ತಿಯಿಂದ ಇಂಥ ಅಧ್ಯಾಯ ಹುಟ್ಟುತ್ತಿರಲಿಲ್ಲ.

ಎರಡನೆಯ ಬಗೆಗೆ ವೀರಗಲ್ಲುಗಳಿವೆ. ಕುವಳಾಲಪುರದ, ಅಂದರೆ ಇದೇ ಕೋಲಾರದ ಒಡೆಯರೆಂದು ಬಿರುದು ಹೊತ್ತ ಗಂಗರು ಆಳಿದ ನೆಲ ಇದು. ಬೈಕಿನಲ್ಲಿ ಹೊರಟರೆ ಹೊಲದ ಬದುವಿನಲ್ಲಿ, ಕೆರೆ ಏರಿಯ ಪಕ್ಕದಲ್ಲಿ ಅರ್ಧ ಹೂತ ವೀರಗಲ್ಲು ಸಿಗುತ್ತವೆ. ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಸಂಜೆಯ ಓರೆ ಬಿಸಿಲು ಬೇಕು, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯಬೇಕು. ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲೆಳೆದು ನಿಂತವನ ಸೊಂಟದಲ್ಲಿ ಬಾಕು, ಎದುರಾಳಿಯ ಕೈಯಲ್ಲಿ ಗುರಾಣಿ. ತುರುಗಾಳಗದ, ಅಂದರೆ ದನಕ್ಕಾಗಿ ನಡೆದ ಕಾಳಗದ ಕಲ್ಲಾದರೆ ಮೂಲೆಯಲ್ಲಿ ದನ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಮಡಿದ ವೀರನನ್ನು ಕರೆದೊಯ್ಯುತ್ತಾರೆ. ಕತ್ತಿ ಹಿಡಿಯುವ ಮಟ್ಟು, ಕಾಲೂರುವ ಭಂಗಿ ಎಲ್ಲ ಕಲಿತದ್ದು ಈ ಕಲ್ಲುಗಳಿಂದಲೇ.

ಶಾಸನ ಓದುವಾಗ ಸಿಕ್ಕ ಇನ್ನೊಂದು ವಿಷಯ ಬಾಳ್ಗಚ್ಚು. ಗಂಗರ ಕಾಲದಲ್ಲಿ ವೀರರಿಗೆ ಕತ್ತಿ ತೊಳೆದು ಭೂಮಿ ಬಿಟ್ಟುಕೊಡುತ್ತಿದ್ದ ದತ್ತಿ ಇದು. ಇದನ್ನು ಸಂಕೋಚವಿಲ್ಲದೆ ಬಳಸಿಕೊಂಡೆ, ಯಾಕೆಂದರೆ ಇವತ್ತು ಇದನ್ನು ವ್ರತವಾಗಿ ನಡೆಸುವವರಿಲ್ಲ. ನನ್ನ ಕಥೆಯಲ್ಲಿ ಸತ್ತ ಸೈನಿಕನ ಕತ್ತಿಯನ್ನು ರಾಣಿಯೇ ತೊಳೆಯಬೇಕು, ಆ ನೀರು ಹರಿದಷ್ಟು ನೆಲ ಅವನ ಮನೆಯವರದು. ನೀರು ಹರಿದಷ್ಟು ಎಂಬುದು ನನ್ನ ಕಲ್ಪನೆ, ಶಾಸನದ ಮಾತಲ್ಲ. ಬರಗಾಲದ ವರ್ಷ, ಕೆರೆ ಒಣಗಿದೆ, ರಾಣಿಯ ಕೈಯಲ್ಲಿರುವುದು ಒಂದೇ ಚೊಂಬು ನೀರು. ಮಂತ್ರಿ ಇಳಿಜಾರು ಜಾಗ ಬೇಡ ಅನ್ನುತ್ತಾನೆ, ಸೈನಿಕನ ಹೆಂಡತಿ ಅಲ್ಲೇ ಆಗಬೇಕು ಅನ್ನುತ್ತಾಳೆ. ಒಂದೂ ಏಟಿಲ್ಲದ ಆ ಜಗಳ ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ಭಾಗ.

ಕೊಡಗಿನ ಒಡಿಕತ್ತಿ ತರಬಹುದಲ್ಲ ಎಂದು ಗೆಳೆಯರು ಹೇಳಿದರು. ಬೆನ್ನಿಗೆ ಸಿಕ್ಕಿಸಿದ ಆ ಬಾಗಿದ ಅಲುಗಿನ ಅಂದವೇ ಬೇರೆ, ನಿಜ. ಆದರೆ ಅದು ಕೊಡವ ಮನೆತನಗಳ ಆಯುಧಪೂಜೆಯ ಹಬ್ಬವಾದ ಕೈಲ್‌ಪೊದ್‌ನಲ್ಲಿ ಕೋವಿಯ ಜೊತೆ ಪೂಜೆಗೊಳ್ಳುವ ವಸ್ತು. ನನ್ನ ಪಾತ್ರಗಳಲ್ಲಿ ಆ ಮನೆತನದವರೇ ಇಲ್ಲದಿರುವಾಗ ಬರೀ ಚಂದಕ್ಕೆ ತಂದರೆ ಅದು ವೇಷದ ಸಾಮಾನಾಗುತ್ತದೆ. ಬಿಟ್ಟೆ.

ಗ್ರಾಮದೇವತೆಯ ಶೂಲದ ವಿಷಯದಲ್ಲಂತೂ ಯೋಚನೆಯೇ ಬೇಕಾಗಲಿಲ್ಲ. ಗಂಗಮ್ಮನ ಗುಡಿ ಮುಂದೆ, ಮೊನೆಗೆ ನಿಂಬೆಹಣ್ಣು ಚುಚ್ಚಿ ನಿಲ್ಲಿಸಿದ ಶೂಲವನ್ನು ಕಿತ್ತು ರಾಕ್ಷಸನಿಗೆ ಎಸೆಯುವ ನಾಯಕ ನನ್ನ ಕಥೆಗೆ ಬೇಡ. ಆಯುಧಪೂಜೆಯನ್ನು ಮಾತ್ರ ಧಾರಾಳವಾಗಿ ಹಾಕಿದ್ದೇನೆ. ಕುಡುಗೋಲು, ಈಳಿಗೆಮಣೆಯಿಂದ ಬೋರ್‌ವೆಲ್ ಲಾರಿಯವರೆಗೆ ನಾವೆಲ್ಲ ಕುಂಕುಮ ಹಚ್ಚುವ ಹಬ್ಬ ಅದು. ನನ್ನ ಸೈನ್ಯದಲ್ಲಿ ಅಡುಗೆಯವನ ಈಳಿಗೆಮಣೆಯೂ ಸೇನಾಪತಿಯ ಕತ್ತಿಯ ಪಕ್ಕದಲ್ಲೇ ಕೂರುತ್ತದೆ.

ಈಗ ಮುಖಪುಟದ ಕೆಲಸ ನಡೆಯುತ್ತಿದೆ. ಚಿತ್ರ ಬರೆಯುವ ಹುಡುಗ ನಾಯಕನನ್ನು ಬಂಡೆ ಮೇಲೆ ನಿಲ್ಲಿಸಿ, ಕಾವಲುಬಾಳನ್ನು ಕಾಲಡಿ ಮೆಟ್ಟಿಸಿದ್ದ. ಗತ್ತು ಇರಲಿ ಅಂತ. ಕಾಲು ತೆಗಿ ಅಂದೆ. “ಸಾರ್, ಇದು ನಿಮ್ಮದೇ ಕಲ್ಪನೆ ಕತ್ತಿ ಅಲ್ವಾ?” ಅಂದ. “ಇರಬಹುದು, ಕಾಲು ತೆಗಿ” ಅಂದೆ. ಗೊಣಗುತ್ತಲೇ ಹೊಸದಾಗಿ ಬರೆಯುತ್ತಿದ್ದಾನೆ.